ಈಸೂರಿನ ಅಧಿಕಾರಿವಧೆ: ಸಾಕ್ಷ್ಯವಿಚಾರ

ಹಿಂದಿನ ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆ, ಶಿಕಾರಿಪುರ ತಾಲ್ಲೂಕಿನ ಈಸೂರು ಗ್ರಾಮದಲ್ಲಿ 1942ನೆಯ ಇಸವಿ ಸೆಪ್ಟೆಂಬರ್ 28ರಂದು ಪೋಲೀಸ್ ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡರೂ ಅಮಲ್ದಾರ ಚೆನ್ನಕೃಷ್ಣಪ್ಪನವರೂ ಜನಸಮೂಹದ ಕೈಯಲ್ಲಿ ಹತರಾದರು. ಈ ಪ್ರಕರಣದಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ನೆಯ ಮಾರ್ಚಿ ತಿಂಗಳಿನಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು. ಇವೆರಡೂ ನಿರ್ವಿವಾದವಾದ ಸಂಗತಿಗಳು. ಇವೆರಡನ್ನೂ ಜೋಡಿಸುವ ಕೊಂಡಿಯಾದರೋ ವಿವಾದಾಸ್ಪದವಾದುದು. ಆ ಕೊಂಡಿಯ ಬಲಾಬಲಗಳನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪೂರ್ವವೃತ್ತಾಂತವು ಸಂಗ್ರಹವಾಗಿ ಹೀಗಿದೆ. 1942ನೆಯ ಆಗಸ್ಟಿನಲ್ಲಿ ಆರಂಭವಾದ ಚಲೇಜಾವ್ ಚಳವಳಿಯ ಕಾಲದಲ್ಲಿ ಈಸೂರಿನವರು ತಮ್ಮ ಗ್ರಾಮವು ಸ್ವತಂತ್ರವೆಂದು ಸಾರಿದರು, ವೀರಭದ್ರ ದೇವಾಲಯದ ಮೇಲೆ ರಾಷ್ಟ್ರಧ್ವಜವನ್ನು ಹಾರಿಸಿದರು, ಕಂದಾಯ ಕೊಡುವುದಿಲ್ಲವೆಂದರು, ಊರಿನ ಬಾಲಕರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನಿಯಮಿಸಿಕೊಂಡರು. ಸಂಸ್ಥಾನದ ಅಧಿಕಾರಿಗಳು ಪೋಲೀಸರೊಡನೆ ಊರನ್ನು ಪ್ರವೇಶಿಸಿದಾಗ ಅವರು ಗಾಂಧಿ ಟೋಪಿಯನ್ನು ಧರಿಸಬೇಕೆಂದು ಗ್ರಾಮಸ್ಥರು ಹಟ ಹಿಡಿದರು. ಅಲ್ಲಿಂದ ಹುಟ್ಟಿದ ಘರ್ಷಣೆಯು ಎರಡು ಪ್ರಾಣಗಳ ಹಾನಿಯಲ್ಲಿ ಮುಗಿಯಿತು.

ಇಲ್ಲಿ ಮೂರು ಪ್ರಶ್ನೆಗಳನ್ನು ವಿವೇಚಿಸಿ ಬೇರ್ಪಡಿಸಬೇಕು. ನಡೆದುದೇನು ಮತ್ತು ಯಾವ ಕ್ರಮದಲ್ಲಿ ಎಂಬುದು ಮೊದಲನೆಯದು. ಆ ಸ್ಥಳದಲ್ಲಿ ಇದ್ದವರು ಯಾರು ಎಂಬುದು ಎರಡನೆಯದು. ಮಾರಕವಾದ ಪ್ರಹಾರವನ್ನು ಮಾಡಿದವರು ಯಾರು ಎಂಬುದು ಮೂರನೆಯದು. ಒಂದಕ್ಕೆ ಸಾಧಕವಾದ ಪ್ರಮಾಣವು ಮತ್ತೊಂದಕ್ಕೂ ಸಾಧಕವೆಂದು ಭಾವಿಸುವುದೇ ಈ ವಿಷಯದ ಚರ್ಚೆಗಳಲ್ಲಿ ಕಾಣಬರುವ ಮುಖ್ಯ ದೋಷ.

ಮೊದಲನೆಯ ಪ್ರಶ್ನೆಯಲ್ಲಿ ವಿವಾದದ ಮರ್ಮವಿರುವುದು ಗುಂಡಿನ ವಿಷಯದಲ್ಲಿ. ಸಬ್ ಇನ್‌ಸ್ಪೆಕ್ಟರರು ಮೊದಲು ಗುಂಡು ಹಾರಿಸಿದರು, ಅದರಿಂದಲೇ ಜನರು ಕೆರಳಿದರು ಎಂಬುದು ಗ್ರಾಮದ ಪರಂಪರೆಯ ಕಥನ. ಇದು ಕೇವಲ ಕಾಲಕ್ರಮದ ಜಿಜ್ಞಾಸೆಯಲ್ಲ. ಅಂದು ಜಾರಿಯಲ್ಲಿದ್ದ ದಂಡಸಂಹಿತೆಯ 99ನೆಯ ಕಲಮಿನಂತೆ, ಸದ್ಭಾವದಿಂದ ಕರ್ತವ್ಯವನ್ನು ಆಚರಿಸುವ ಅಧಿಕಾರಿಯ ವಿರುದ್ಧ ಪ್ರಜೆಗೆ ಆತ್ಮರಕ್ಷಣೆಯ ಹಕ್ಕು ಸಾಮಾನ್ಯವಾಗಿ ಇರಲಿಲ್ಲ. ಆದರೆ ಅಧಿಕಾರಿಯ ಕೃತ್ಯದಿಂದ ಮರಣದ ಅಥವಾ ತೀವ್ರ ಗಾಯದ ಭಯವು ಯುಕ್ತವಾಗಿ ಉಂಟಾದಲ್ಲಿ ಆ ನಿಷೇಧವು ನಿಲ್ಲುತ್ತಿರಲಿಲ್ಲ. ಆದುದರಿಂದ ಗುಂಡು ಮೊದಲೋ ಏಟು ಮೊದಲೋ ಎಂಬುದರ ಮೇಲೆ ಅಪರಾಧದ ಸ್ವರೂಪವೇ ನಿಂತಿದೆ. ಇದನ್ನು ಕಣ್ಣಾರೆ ಕಂಡವರಾದರೋ ಎರಡೇ ಬಗೆಯವರು: ಅಧಿಕಾರಿಗಳೊಡನೆ ಬಂದು ಬದುಕಿ ಉಳಿದವರು ಮತ್ತು ಆರೋಪಕ್ಕೆ ಗುರಿಯಾದ ಊರಿನವರು. ಈ ಇಬ್ಬರಲ್ಲಿ ಉದಾಸೀನರು ಯಾರೂ ಇಲ್ಲ.

ಇಂಥ ಸಂದರ್ಭಕ್ಕೆ ಪ್ರಾಚೀನರ ನಿರ್ಣಯವೂ ಉಂಟು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ಸಾಮಾನ್ಯ ವ್ಯವಹಾರಗಳಲ್ಲಿ ಕಡಮೆಯೆಂದರೆ ಮೂವರು ಯೋಗ್ಯ ಸಾಕ್ಷಿಗಳನ್ನು ಬಯಸುತ್ತದೆ. ಸಾಹಸವೆಂಬ ಹಿಂಸಾಕೃತ್ಯದಲ್ಲಾದರೋ ಎಲ್ಲರೂ ಸಾಕ್ಷಿಗಳಾಗಬಹುದೆನ್ನುತ್ತದೆ. ಕಲ್ಯಾಣದ ವಿಜ್ಞಾನೇಶ್ವರನು ಈ ಸ್ಮೃತಿಗೇ ಮಿತಾಕ್ಷರಾ ವ್ಯಾಖ್ಯೆಯನ್ನು ರಚಿಸಿದನು. ಆದರೆ ಸಾಕ್ಷಿಯನ್ನು ಅಂಗೀಕರಿಸುವುದು ಬೇರೆ, ಅವನ ಮಾತನ್ನು ನಂಬುವುದು ಬೇರೆ. ಸಾಕ್ಷಿಗಳಲ್ಲಿ ಭೇದ ಬಂದಾಗ ಬಹುಜನರ ವಚನವನ್ನೂ, ಸಂಖ್ಯೆ ಸಮವಾದಾಗ ಗುಣಶಾಲಿಗಳ ವಚನವನ್ನೂ ಹಿಡಿಯಬೇಕೆಂದು ಅದೇ ಸ್ಮೃತಿಯು ಎಚ್ಚರಿಸಿದೆ.

ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳ ಅಂತರವನ್ನು ಆಧುನಿಕ ನ್ಯಾಯವು ಒಂದು ರೀತಿಯಲ್ಲಿ ಕಿರಿದುಗೊಳಿಸಿತು. ಅಂದಿನ ದಂಡಸಂಹಿತೆಯ 149ನೆಯ ಕಲಮಿನ ಪ್ರಕಾರ ಅಕ್ರಮಕೂಟದ ಸಮಾನೋದ್ದೇಶದ ಸಾಧನೆಯಲ್ಲಿ ಅಪರಾಧವು ನಡೆದಲ್ಲಿ ಕೂಟದ ಪ್ರತಿಯೊಬ್ಬ ಸದಸ್ಯನೂ ಅದಕ್ಕೆ ಹೊಣೆಯಾಗುತ್ತಿದ್ದನು. ಕೈಯೆತ್ತಿದವನು ಯಾರೆಂಬುದು ಅಪರಾಧನಿರ್ಣಯಕ್ಕೆ ಅವಶ್ಯವಲ್ಲ. ಆದರೆ ನೂರಾರು ಜನರ ಗುಂಪಿನಲ್ಲಿ ಕೆಲವರನ್ನೇ ಆರಿಸಿ ಮರಣದಂಡನೆ ವಿಧಿಸುವಾಗ ಮೂರನೆಯ ಪ್ರಶ್ನೆಯು ಹಿಂಬಾಗಿಲಿನಿಂದ ಮತ್ತೆ ಒಳಹೊಗುತ್ತದೆ. ಸಂಯುಕ್ತ ಪ್ರಾಂತದ ಚೌರಿಚೌರಾ ಪ್ರಕರಣವು ಇದಕ್ಕೆ ನಿದರ್ಶನ. ಅಲ್ಲಿ 1922ರಲ್ಲಿ ಪೋಲೀಸರು ಠಾಣೆಯೊಡನೆ ದಗ್ಧರಾದ ಬಳಿಕ ಸೆಷನ್ಸ್ ನ್ಯಾಯಾಲಯವು 172 ಮಂದಿಗೆ ಮರಣದಂಡನೆಯನ್ನು ವಿಧಿಸಿತು; 1923ರಲ್ಲಿ ಅಲಹಾಬಾದು ಹೈಕೋರ್ಟು ಅದನ್ನು 19 ಮಂದಿಗೆ ಮಾತ್ರ ಸ್ಥಿರಪಡಿಸಿತು. ಒಂದೇ ಸಾಕ್ಷ್ಯರಾಶಿಯನ್ನು ತೂಗಿದ ಎರಡು ತಕ್ಕಡಿಗಳಲ್ಲಿ ಇಷ್ಟು ಅಂತರ. ಮುಂದೆ 1964ರಲ್ಲಿ ಮಸಾಲ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಹುಜನರ ಮೇಲಣ ಇಂಥ ಆರೋಪದಲ್ಲಿ ಒಬ್ಬೊಬ್ಬ ಆರೋಪಿಯ ವಿಷಯದಲ್ಲಿಯೂ ಇಬ್ಬರು ಮೂವರಾದರೂ ಸುಸಂಗತವಾಗಿ ನುಡಿಯುವ ಸಾಕ್ಷಿಗಳಿರುವುದು ಲೇಸೆಂದಿತು. ಸ್ಮೃತಿಕಾರನ ಮೂವರಿಗೂ ಇದಕ್ಕೂ ದೂರವು ಹೆಚ್ಚಿಲ್ಲ.

ಇನ್ನು ಗ್ರಾಮದ ಸ್ಮೃತಿಯೇ ಆಪ್ತವಾಕ್ಯವಲ್ಲವೇ ಎಂದು ಪೂರ್ವಪಕ್ಷವು ಬರಬಹುದು. ಉದ್ದೇಶದ ವಿಷಯದಲ್ಲಿ ಅದು ಬಲವಾದ ಪ್ರಮಾಣವೇ ಸರಿ: ಜನರು ಏಕೆ ಕೆರಳಿದರು, ಯಾವುದನ್ನು ಬಯಸಿದರು ಎಂಬುದಕ್ಕೆ ಅದಕ್ಕಿಂತ ಉತ್ತಮವಾದ ಆಧಾರವಿಲ್ಲ. ಆದರೆ ಊರೆಲ್ಲ ಸೇರಿ ಮಾಡಿತೆಂಬ ಮಾತು ಹೊಣೆಯನ್ನು ಹಂಚಿಕೊಳ್ಳುವ ಧರ್ಮವಚನ. ಯಾರ ಕೈಯಿಂದ ಯಾರು ಬಿದ್ದರೆಂಬ ಪ್ರತ್ಯಕ್ಷಕಥನವಲ್ಲ. ತಾಳಗುಂದ, ಬಳ್ಳಿಗಾವೆಗಳನ್ನು ಒಳಗೊಂಡ ಶಿಕಾರಿಪುರ ಸೀಮೆಯು ಶಾಸನಗಳಿಗೆ ಪ್ರಸಿದ್ಧ. ಕನ್ನಡನಾಡಿನ ವೀರಗಲ್ಲುಗಳು ಊರಳಿವಿನಲ್ಲಿ ಮಡಿದವನ ಹೆಸರನ್ನು ಉಳಿಸುತ್ತವೆ. ಎದುರಾಳಿಯ ಪಕ್ಷವನ್ನು ಕೇಳುವ ಭಾರವು ಅವುಗಳ ಮೇಲಿಲ್ಲ. ಆ ಭಾರವು ಚರಿತ್ರಕಾರನದು.

ಇದೇ ಸಂಸ್ಥಾನದ ಕೋಲಾರ ಜಿಲ್ಲೆಗೆ ಅಂದು ಸೇರಿದ್ದ ವಿದುರಾಶ್ವತ್ಥದಲ್ಲಿ 1938ನೆಯ ಏಪ್ರಿಲ್ 25ರಂದು ಪೋಲೀಸರ ಗುಂಡಿಗೆ ಜನರು ಬಲಿಯಾದಾಗ, ಸತ್ತವರು 10 ಮಂದಿಯೆಂದು ಸರ್ಕಾರವೂ 32 ಮಂದಿಯೆಂದು ಕಾಂಗ್ರೆಸ್ಸೂ ಎಣಿಸಿದುವು. ಹೆಣಗಳ ಲೆಕ್ಕದಲ್ಲಿಯೇ ಪಕ್ಷಭೇದವು ಇಷ್ಟಾದರೆ, ಕ್ಷಣಮಾತ್ರದ ಏಟುಗಳ ಲೆಕ್ಕದಲ್ಲಿ ಎಷ್ಟಾಗಲಾರದು?

ಆದಕಾರಣ ಸಿದ್ಧಾಂತವಿಷ್ಟು. ಈಸೂರಿನ ಸಾಕ್ಷ್ಯವು ಘಟನೆಯನ್ನು ಸಾಧಿಸುತ್ತದೆ; ಸಾನ್ನಿಧ್ಯವನ್ನು ದುರ್ಬಲವಾಗಿ ಸೂಚಿಸುತ್ತದೆ; ಪ್ರಹಾರದ ವಿಷಯದಲ್ಲಿ, ತೀರ್ಪು ಏನೇ ಇರಲಿ, ಸಂಶಯವನ್ನು ನೀಗುವಷ್ಟು ಸಮರ್ಥವಲ್ಲ. ಗಲ್ಲಿಗೇರಿದ ಐವರನ್ನು ಕೊಲೆಗಾರರೆಂದು ಹೆಸರಿಸುವವನೂ, ಹತರಾದ ಇಬ್ಬರನ್ನು ಕೇವಲ ಪರಕೀಯ ಪ್ರಭುತ್ವದ ಕೈಗೊಂಬೆಗಳೆಂದು ಮರೆಯುವವನೂ ಸಾಕ್ಷ್ಯಕ್ಕಿಂತ ಮುಂದೆ ಹೋಗುತ್ತಾರೆ. ಆ ಏಳು ಮಂದಿಯೂ ಕನ್ನಡನಾಡಿನ ಮಕ್ಕಳೇ. ಶಾಲೆಗಳಲ್ಲಿ ಈ ವೃತ್ತಾಂತವನ್ನು ಬೋಧಿಸುವವರು ಗ್ರಾಮದ ಧೈರ್ಯವನ್ನು ಕೊಂಡಾಡುವಾಗಲೇ, ಆ ಐವರ ಪ್ರಾಣವು ಎಂಥ ಸಾಕ್ಷ್ಯದ ಮೇಲೆ ಹೋಯಿತೆಂಬುದನ್ನೂ ವಿದ್ಯಾರ್ಥಿಗಳ ಮುಂದಿಡುವುದು ಯುಕ್ತ.