ಬಂಡೆ ಬಿಡದ ಹಕ್ಕಳೆ

ಹೈದರಾಬಾದಿನಿಂದ ಬೀದರಿಗೆ ಹೊರಟ ಬಸ್ಸು ಪಟಾನ್‌ಚೆರು ದಾಟುತ್ತದೆ. ಕಾರ್ಖಾನೆಗಳ ಈ ಊರು ನಿಂತಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ನೆಲದ ಮೇಲೆ. ಇಂಥ ಬಂಡೆಗಳ ಮೈಮೇಲೆ ಬಣ್ಣ ಚೆಲ್ಲಿ ಒಣಗಿದಂತೆ ಕಾಣುವ ಬೂದು, ಹಳದಿ, ಕಪ್ಪು ಮಚ್ಚೆಗಳೇ ಹಕ್ಕಳೆ ಕಲ್ಲುಹೂಗಳು. ಬಿರಿಯಾನಿಗೆ ಹಾಕುವ ಕಲ್ಲುಹೂ ಇವುಗಳ ದಾಯಾದಿ. ಅದು ಎಲೆಯಂತೆ ಎದ್ದು ಬರುತ್ತದೆ. ಇವು ಹಾಗಲ್ಲ. ಶಿಲೀಂಧ್ರದ ಎಳೆಗಳು ಕಲ್ಲಿನ ಹರಳುಗಳ ಸಂದಿಗೆ ಇಳಿದಿರುತ್ತವೆ. ಮಾದರಿ ಬೇಕೆಂದರೆ ಉಳಿ, ಸುತ್ತಿಗೆ ಹಿಡಿದು ಕಲ್ಲಿನ ಚಕ್ಕೆಯನ್ನೇ ಎಬ್ಬಿಸಬೇಕು. ಅಧ್ಯಯನದಲ್ಲಿ ಇವು ಹಿಂದೆ ಬಿದ್ದದ್ದಕ್ಕೆ ಈ ಹಟಮಾರಿತನವೂ ಕಾರಣ ಎನ್ನಬೇಕು.

1753ರಲ್ಲಿ ಲಿನೇಯಸ್ ಎಲ್ಲ ಕಲ್ಲುಹೂಗಳನ್ನೂ ಒಂದೇ ಕುಲಕ್ಕೆ ತುರುಕಿ ಕೈತೊಳೆದುಕೊಂಡ. ಅವುಗಳನ್ನು ಬಿಡಿಸಿ ವರ್ಗೀಕರಿಸಿದವನು ಅವನ ಶಿಷ್ಯ ಅಕೇರಿಯಸ್. 1860ರ ದಶಕದ ಕೊನೆಗೆ ಸ್ವಿಸ್ ವಿಜ್ಞಾನಿ ಶ್ವೆಂಡನರ್, ಇದು ಒಂದೇ ಜೀವಿಯಲ್ಲ, ಪಾಚಿಯನ್ನು ಒಳಗಿಟ್ಟುಕೊಂಡ ಶಿಲೀಂಧ್ರ ಎಂದಾಗ ದೊಡ್ಡ ಪಂಡಿತರೇ ಸಿಡಿದೆದ್ದರು. ಅವರಲ್ಲೊಬ್ಬ ನೈಲಾಂಡರ್. ಸೋಜಿಗವೆಂದರೆ, ಕಲ್ಲುಹೂ ನೋಡಿ ಊರಿನ ಗಾಳಿಯನ್ನು ಅಳೆಯಬಹುದೆಂದು 1866ರಲ್ಲೇ ಪ್ಯಾರಿಸ್ಸಿನ ಉದ್ಯಾನವೊಂದನ್ನು ಆಧಾರವಾಗಿಟ್ಟು ತೋರಿಸಿದವನೂ ಅವನೇ.

ಭಾರತದಲ್ಲಿ ಈ ವಿದ್ಯೆಗೆ ತಳಪಾಯ ಹಾಕಿದವರು ಲಖನೌ ವಿಶ್ವವಿದ್ಯಾಲಯದ ಧರಣೀಧರ ಅವಸ್ಥಿ. ದೊಡ್ಡ ಕಲ್ಲುಹೂಗಳನ್ನು ಗುರುತಿಸುವ ಅವರ ಕೈಪಿಡಿ 1988ರಲ್ಲಿ ಬಂತು. ಹಕ್ಕಳೆಗಳು ಸೇರಿದ ಸಣ್ಣವುಗಳದ್ದು 1991ರಲ್ಲಿ. ಇವುಗಳನ್ನು ಬರಿಗಣ್ಣಿನಿಂದ ನಿರ್ಧರಿಸುವುದು ಕಷ್ಟ. ಸಾಸಿವೆಗಿಂತ ಚಿಕ್ಕ ಫಲಕಾಯವನ್ನು ಬ್ಲೇಡಿನಿಂದ ಸೀಳಿ, ಸೂಕ್ಷ್ಮದರ್ಶಕದಲ್ಲಿ ಬೀಜಕಣಗಳ ಆಕಾರ, ಗೋಡೆ ನೋಡಬೇಕು. ಕ್ಷಾರದ ಹನಿ ಬಿಟ್ಟು ಬಣ್ಣ ತಿರುಗುತ್ತದೆಯೇ ಎಂದು ಕಾಯಬೇಕು. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆ, ಪುಣೆಯ ಅಘರ್ಕರ್ ಸಂಸ್ಥೆ ಈ ಕೆಲಸವನ್ನು ಮುಂದುವರಿಸಿದವು.

ಹಕ್ಕಳೆಗೆ ನಿಜವಾದ ಮರ್ಯಾದೆ ತಂದುಕೊಟ್ಟದ್ದು ಅದರ ನಿಧಾನ. ಎಷ್ಟೋ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರೂ ಹರಡುವುದಿಲ್ಲ. ಆಸ್ಟ್ರಿಯದ ಬೆಷೆಲ್ 1950ರ ಹೊತ್ತಿಗೆ ಇದನ್ನೇ ಗಡಿಯಾರ ಮಾಡಿಕೊಂಡ: ಇಸವಿ ಕೆತ್ತಿದ ಗೋರಿಕಲ್ಲುಗಳ ಮೇಲಿನ ವ್ಯಾಸ ಅಳೆದು ಬೆಳವಣಿಗೆಯ ದರ ಹಿಡಿದು, ಹಿಮನದಿ ಬಿಟ್ಟುಹೋದ ಬಂಡೆಗಳ ವಯಸ್ಸು ಲೆಕ್ಕಹಾಕಿದ. ಆಲ್ಪ್ಸ್‌ನ ಆ ದರ ದಖ್ಖನಿನ ಬಿಸಿಲಿಗೆ ಒಗ್ಗದು, ಇಲ್ಲಿ ಹೊಸದಾಗಿಯೇ ಕಟ್ಟಬೇಕು. ಹೈದರಾಬಾದಿನ ಹಳೆಯ ಸ್ಮಶಾನಗಳಲ್ಲಿ ಇಸವಿಯುಳ್ಳ ಕಲ್ಲುಗಳಿಗೇನೂ ಬರವಿಲ್ಲ!  

ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಹೊಲದಲ್ಲಿ ಕೆಮ್ಮಣ್ಣು, ಕಪ್ಪುಮಣ್ಣು ಎರಡೂ ಇವೆ. ಗ್ರಾನೈಟ್ ಸವೆದು ಕೆಮ್ಮಣ್ಣಾಗುವ ದೀರ್ಘ ಕೆಲಸದಲ್ಲಿ ಆಕ್ಸಾಲಿಕ್ ಆಮ್ಲ ಸ್ರವಿಸುವ ಹಕ್ಕಳೆಗಳದೂ ಒಂದು ಕೈ. ಮಣ್ಣನ್ನು ಅಷ್ಟು ಶ್ರದ್ಧೆಯಿಂದ ಓದಿದ ಊರು, ಕಾರ್ಖಾನೆ ನೀರಿನಿಂದ ಕೆಟ್ಟ ಕೆರೆತೊರೆಗಳಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ ಊರು, ಬಂಡೆಯನ್ನೂ ಓದಬೇಕು. ಕೊಳೆತ ಗಾಳಿಯಲ್ಲಿ ಪೊದೆಯಂಥ ಕಲ್ಲುಹೂಗಳು ಮೊದಲು ಸಾಯುತ್ತವೆ, ಕಡೆಗೆ ಉಳಿಯುವುದು ಸಾಮಾನ್ಯವಾಗಿ ಹಕ್ಕಳೆಗಳೇ. ಹೀಗೆ ಬಂಡೆ ಓದಲು ಉಳಿಯೂ ಬೇಡ. ಬಂಡೆಯ ಮೇಲೊಂದು ಚೌಕ ಗುರುತಿಸಿ, ಪಕ್ಕಕ್ಕೆ ಅಳತೆಪಟ್ಟಿ ಇಟ್ಟು, ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಅದೇ ಕೋನದಿಂದ ಫೋಟೊ ತೆಗೆದರಾಯಿತು.