ರಿಪೋರ್ಟ್ ನಾರ್ಮಲ್, ಆದ್ರೆ ಸ್ನಾನ ಯಾರು ಮಾಡಿಸ್ತಾರೆ?

ಇವತ್ತಿನ ಕಥೆ ಒಂದು ಪ್ರಶ್ನೆಯದ್ದು: "ನೀವು ಸ್ನಾನ ಒಬ್ರೇ ಮಾಡ್ಕೋತೀರಾ?" ಇಷ್ಟು ಸಣ್ಣ ಪ್ರಶ್ನೆಗೂ ಒಂದು ಇತಿಹಾಸ ಇದೆ.

ಮೊದಲು ನಮ್ಮ ಮನೆ ವಿಷಯ. ಎರಡು ವರ್ಷದ ಹಿಂದೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಆಪರೇಷನ್ ಆಯ್ತು. ಮೂರು ತಿಂಗಳಾದ ಮೇಲೆ ಎಕ್ಸ್‌ರೇ ನೋಡಿದ ಡಾಕ್ಟರ್, "ಮೂಳೆ ಚೆನ್ನಾಗಿ ಕೂಡಿದೆ" ಅಂದ್ರು. ನಾವು ಖುಷಿಯಾಗಿ ಮನೆಗೆ ಬಂದ್ವಿ. ಆಮೇಲೆ ಗೊತ್ತಾಗಿದ್ದು: ಅಜ್ಜಿ ಸಂಜೆಯಾದ್ಮೇಲೆ ನೀರೇ ಕುಡೀತಿರಲಿಲ್ಲ. ಕುಡಿದ್ರೆ ರಾತ್ರಿ ಏಳಬೇಕು, ಏಳೋಕೆ ಅಮ್ಮನ್ನ ಎಬ್ಬಿಸಬೇಕು. ನಾನು ಓದಿದ್ದು ಬಿ.ಕಾಂ. ಲೆಕ್ಕದ ಪುಸ್ತಕದಲ್ಲಿ ಲಾಭ, ಗಲ್ಲಾಪೆಟ್ಟಿಗೆಯಲ್ಲಿ ಕಾಸಿಲ್ಲ, ಇಂಥ ಅಂಗಡಿಗಳ ಬಗ್ಗೆ ನಮಗೆ ಪಾಠ ಇತ್ತು. ಅಜ್ಜಿಯ ಎಕ್ಸ್‌ರೇ ಅಂಥದ್ದೇ.

ರೋಗ ಬೇರೆ, ಬದುಕು ಬೇರೆ ಅನ್ನೋದನ್ನ ಅಂಕಿಯಲ್ಲಿ ಬರೆಯೋಕೆ ಶುರುವಾಗಿದ್ದು ತೀರಾ ಹಳೇದಲ್ಲ. 1940ರ ದಶಕದ ಕೊನೆಗೆ ಅಮೆರಿಕದಲ್ಲಿ ಡೇವಿಡ್ ಕಾರ್ನಾಫ್‌ಸ್ಕಿ ಮತ್ತು ಸಂಗಡಿಗರು ಕ್ಯಾನ್ಸರ್‌ಗೆ ಹೊಸ ಔಷಧ ಪರೀಕ್ಷೆ ಮಾಡ್ತಿದ್ರು. ಗೆಡ್ಡೆ ಚಿಕ್ಕದಾದ್ರೆ ಸಾಕಾ, ರೋಗಿ ಎದ್ದು ಓಡಾಡೋದು ಬೇಡ್ವಾ? ಅದಕ್ಕೇ 100ರಿಂದ 0ವರೆಗೆ ಒಂದು ಅಳತೆ ಮಾಡಿದ್ರು. 100 ಅಂದ್ರೆ ಯಾವ ತೊಂದರೆಯೂ ಇಲ್ಲ. 70 ಅಂದ್ರೆ ತನ್ನ ಕೆಲಸ ತಾನೇ ನೋಡ್ಕೋತಾರೆ, ಆದ್ರೆ ದುಡಿಯೋಕಾಗಲ್ಲ. 0 ಅಂದ್ರೆ ಸಾವು.

ಅಜ್ಜಿಯ ಕಥೆಗೆ ಹತ್ತಿರದವರು ಕ್ಲೀವ್‌ಲ್ಯಾಂಡ್‌ನ ಸಿಡ್ನಿ ಕಾಟ್ಜ್. ಬೆಂಜಮಿನ್ ರೋಸ್ ಆಸ್ಪತ್ರೆಯಲ್ಲಿ ಅವರ ತಂಡ ಸೊಂಟದ ಮೂಳೆ ಮುರಿದ ವಯಸ್ಸಾದವರನ್ನೇ ಗಮನಿಸ್ತಾ ಹೋಯ್ತು. 1963ರಲ್ಲಿ ಪ್ರಕಟವಾದ ಅವರ ಪಟ್ಟಿಯಲ್ಲಿ ಇದ್ದದ್ದು ಆರೇ ಕೆಲಸ: ಸ್ನಾನ, ಬಟ್ಟೆ ಹಾಕ್ಕೊಳ್ಳೋದು, ಶೌಚಾಲಯಕ್ಕೆ ಹೋಗೋದು, ಹಾಸಿಗೆಯಿಂದ ಏಳೋದು, ಮಲಮೂತ್ರದ ಹಿಡಿತ, ಊಟ. ಚೇತರಿಸ್ಕೊಳ್ಳೋರಲ್ಲಿ ಊಟ ಮತ್ತು ಹಿಡಿತ ಮೊದಲು ವಾಪಸ್ ಬರ್ತಿತ್ತು, ಸ್ನಾನ ಕೊನೆಗೆ. ಮಗು ಬೆಳೆಯೋವಾಗ ಕಲಿಯೋದೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಅಂತ ಕಾಟ್ಜ್ ಗುರುತಿಸಿದ್ರು.

ಕಾಟ್ಜ್ ಇನ್ನೊಂದು ನಿಯಮ ಇಟ್ರು. ರೋಗಿ ಮಾಡಬಲ್ಲರಾ ಅಂತ ಬರೀಬೇಡಿ, ನಿಜವಾಗಿ ಮಾಡ್ತಿದ್ದಾರಾ ಅಂತ ಬರೀರಿ. ಶಕ್ತಿ ಇದ್ದೂ ಮಾಡದಿದ್ರೆ, ಮಾಡ್ತಿಲ್ಲ ಅಂತಲೇ ಲೆಕ್ಕ. ಪಕ್ಕದಲ್ಲಿ ಯಾರೋ ಕಾವಲು ನಿಂತಿರಬೇಕು ಅಂದ್ರೂ ಅದು ಪೂರ್ತಿ ಸ್ವತಂತ್ರ ಅಲ್ಲ.

1969ರಲ್ಲಿ ಪೊವೆಲ್ ಲಾಟನ್ ಮತ್ತು ಇಲೇನ್ ಬ್ರಾಡಿ ಮನೆ ನಡೆಸೋ ಕೆಲಸಗಳನ್ನ ಸೇರಿಸಿ ಎಂಟರ ಪಟ್ಟಿ ಮಾಡಿದ್ರು: ಫೋನ್, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯೋದು, ಪ್ರಯಾಣ, ಮಾತ್ರೆ, ಹಣಕಾಸು. ತಮಾಷೆ ಏನಂದ್ರೆ, ಹೆಂಗಸರಿಗೆ ಎಂಟೂ ಲೆಕ್ಕ, ಗಂಡಸರಿಗೆ ಐದೇ. ಅಡುಗೆ, ಮನೆಗೆಲಸ, ಬಟ್ಟೆ ಅವರಿಗೆ ಇಲ್ಲ! ಯಾರಿಂದ ಯಾವ ಕೆಲಸ ನಿರೀಕ್ಷೆ ಮಾಡ್ತೀವಿ ಅನ್ನೋದೂ ಪಟ್ಟಿಯೊಳಗೆ ಬಂದು ಕೂತಿತ್ತು.

ಹಾಗಾದ್ರೆ ಆ ಪಟ್ಟಿ ನಮ್ಮ ಹಳ್ಳಿಗೆ ಬಂದ್ರೆ? ಜೀವಮಾನದಲ್ಲಿ ಬ್ಯಾಂಕಿಗೆ ಹೋಗದೇ ಇರೋ ಅಜ್ಜಿಗೆ ಹಣಕಾಸಿನಲ್ಲಿ ಸೊನ್ನೆ ಕೊಟ್ರೆ ಅದು ಕಾಯಿಲೆಯ ಲಕ್ಷಣ ಅಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮರೆವಿನ ಕಾಯಿಲೆ ಹುಡುಕ್ತಿದ್ದ ಸಂಶೋಧಕರಿಗೆ ಇದೇ ತೊಡಕು. ಓದು ಬರಹ ಬಾರದ ಹಿರಿಯರಿಗೆ ಅಂತಲೇ ಅವರು ಮಾಡಿದ ಪಟ್ಟಿ 1999ರಲ್ಲಿ ಪ್ರಕಟವಾಯ್ತು. ಅದರಲ್ಲಿ ಮನೆಯವರಿಗೆ ಕೇಳೋ ಪ್ರಶ್ನೆಗಳು ಬೇರೆ ಥರ. ಊಟ ಮಾಡಿದ್ದು ಮರೆತು ಮತ್ತೆ ಕೇಳ್ತಾರಾ? ಹಬ್ಬಗಳು ನೆನಪಿವೆಯಾ? ಮದುವೆಯಂಥ ಮನೆ ವಿಷಯದಲ್ಲಿ ಅಭಿಪ್ರಾಯ ಹೇಳ್ತಾರಾ? ಊರೊಳಗೇ ದಾರಿ ತಪ್ತಾರಾ?

ಅಂದ್ರೆ ಪಟ್ಟಿ ಇದ್ರೆ ಸಾಲದು, ಎದುರಿಗಿರೋರ ದಿನ ಹೇಗೆ ಕಳೆಯುತ್ತೆ ಅಂತ ಗೊತ್ತಿರಬೇಕು. ಅಜ್ಜಿಯನ್ನ ನಾನು ದಿನಾ ಕೇಳ್ತಿದ್ದೆ, "ಚೆನ್ನಾಗಿದ್ದೀಯಾ ಅಜ್ಜಿ?" ಅವರು ದಿನಾ "ಹೂಂ ಕಣೋ" ಅಂತಿದ್ರು. ಒಂದಿನ, "ರಾತ್ರಿ ಏಳೋಕೆ ಯಾರು ಬೇಕು?" ಅಂತ ಕೇಳಿದೆ. ಆಗ ನೀರಿನ ವಿಷಯ ಹೊರಗೆ ಬಂತು. ಆ ವಾರವೇ ಹಾಸಿಗೆ ಪಕ್ಕ ಕಮೋಡ್ ಕುರ್ಚಿ, ಗೋಡೆಗೆ ಹಿಡಿ ಬಂದ್ವು. ಎಕ್ಸ್‌ರೇ ಬದಲಾಗಲಿಲ್ಲ, ಅಜ್ಜಿ ನೀರು ಕುಡಿಯೋಕೆ ಶುರು ಮಾಡಿದ್ರು.

ಇವತ್ತು ಮನೆಗೆ ಹೋದಾಗ ನಿಮ್ಮಜ್ಜಿ, ತಾತನ್ನ ಕೇಳಿ ನೋಡಿ. "ಚೆನ್ನಾಗಿದ್ದೀಯಾ" ಅಂತಲ್ಲ, ಈ ಇನ್ನೊಂದು ಪ್ರಶ್ನೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.