ಬೇಡದ ಕರೆಗೆ ಬೀಗ

ಐಎಎಸ್ ಕೋಚಿಂಗಿಗೆ ಹೆಸರಾದ ನಮ್ಮ ಮುಖರ್ಜಿ ನಗರದಲ್ಲಿ ಫೀಸು ವಿಚಾರಿಸಲು ಹೋಗಿ ಒಂದು ಫಾರಂ ತುಂಬಿದರೆ ಸಾಕು, ಮರುದಿನದಿಂದ ಗುರುತಿಲ್ಲದವರ ಕರೆಗಳ ಸುರಿಮಳೆ. ಈ ಕಾಟ ಹಳೆಯದು ಕಣ್ರೀ.

2007ರಲ್ಲಿ ಟ್ರಾಯ್ ‘ಕರೆ ಬೇಡ’ ಎಂದವರ ಪಟ್ಟಿ ಶುರುಮಾಡಿತು. ಕಾಟ ನಿಲ್ಲಲಿಲ್ಲ. 2011ರ ಸೆಪ್ಟೆಂಬರ್ 27ರಿಂದ ಸಿಮ್ ಒಂದಕ್ಕೆ ದಿನಕ್ಕೆ 100 ಎಸ್ಸೆಮ್ಮೆಸ್ ಎಂಬ ಮಿತಿ ಹಾಕಿತು; ನವೆಂಬರಿನಲ್ಲಿ ಅದು 200 ಆಯಿತು. ಕಳ್ಳನಿಗೆಂದು ಹಾಕಿದ ಬೀಗ ಮನೆಯವರನ್ನೇ ಹೊರಗಿಟ್ಟಂತೆ! 2012ರಲ್ಲಿ ದೆಹಲಿ ಹೈಕೋರ್ಟ್, ಖಾಸಗಿ ಸಂದೇಶಗಳಿಗೆ ಈ ಮಿತಿ ಸಲ್ಲದು ಎಂದಿತು. 2018ರ ನಿಯಮ ಸರಿಯಾದ ಬಾಗಿಲಿಗೆ ಬಂತು: ಗಿರಾಕಿಯ ಒಪ್ಪಿಗೆಯನ್ನೇ ದಾಖಲಿಸಿ ಎಂದಿತು.

ಊರು ಬಿಟ್ಟು ಬಂದ ಹುಡುಗರು ಗೊತ್ತಿಲ್ಲದ ನಂಬರನ್ನೆಲ್ಲ ಕಟ್ ಮಾಡಲಾರರು. ಅಮ್ಮ ಪಕ್ಕದ ಮನೆಯವರ ಫೋನಿನಿಂದ ಮಾಡಿರಬಹುದು. ಅದಕ್ಕೇ ಹೇಳೋದು, ನಂಬರು ಬರೆಯುವ ಮುಂಚೆ ಯಾತಕ್ಕೆಂದು ಕೇಳಿ. ಬೇಡದ್ದು ಬಂದರೆ 1909ಕ್ಕೆ ದೂರು ಕೊಡಿ.